ನೆಲಕ್ಕೆ ಕೆನ್ನೆಯಿಟ್ಟು ನೋಡುವ ದಾಮೋದರಣ್ಣ

ಮೊದಲು ನನ್ನ ಮರ್ಯಾದೆ ತೆಗೆದುಬಿಡುತ್ತೇನೆ, ಮತ್ತೆ ಅವರ ವಿಷಯ. ದಾಮೋದರಣ್ಣನ ಸ್ವರವನ್ನು ಅವರನ್ನು ಕೇಳದೆ ಇಪ್ಪತ್ತು ಸೆಕೆಂಡಿನ ಮಟ್ಟಿಗೆ ನಾನು ಬಳಸಿಕೊಂಡೆ. ಅದರಿಂದ ಮೂರು ರಿಮೋಟ್ ಗಾಡಿಗಳ ಒಳಗಿನ ಹಲ್ಲು ಉದುರಿತು, ಒಬ್ಬ ಮನುಷ್ಯನ ಆದಿತ್ಯವಾರ ಹೋಯಿತು. ಹಲ್ಲು ಅಂಗಡಿಯಲ್ಲಿ ಸಿಕ್ಕಿತು.

ನನಗೆ ಮಿಮಿಕ್ರಿಯ ಚಾಳಿ. ಚಿಕ್ಕಮ್ಮ ದುಬಾಯಿಯ ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಮುನಿಸಿಕೊಳ್ಳುವುದು, ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಡಿದು "ರೈಟ್ ಪೋಯಿ" ಅನ್ನುವುದು, ಕೆಲಸದ ಇಂಟರ್‌ವ್ಯೂನಲ್ಲಿ ನಾನೇ ಇಂಗ್ಲಿಷಿನ ನಡುವೆ ಸಿಕ್ಕಿಹಾಕಿಕೊಂಡು ಬೆವರಿದ್ದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ನಗಿಸುವುದು ಬಿಟ್ಟರೆ ಬೇರೆ ಆದಾಯವಿಲ್ಲದ ದಿನಗಳು ಅವು.

ದಾಮೋದರಣ್ಣ ನನಗೆ ಮೊದಲು ಕಂಡದ್ದು ಬೆನ್ನಾಗಿ. ಬೈಕಂಪಾಡಿಯ ಒಂದು ಗೋಡೌನಿನ ಹಿಂದೆ ಖಾಲಿ ಜಾಗವಿದೆ. ಅಲ್ಲಿ ನಾವು ಏಳೆಂಟು ಜನ ಆದಿತ್ಯವಾರ ಬೆಳಿಗ್ಗೆ ಬಗ್ಗಿ ಓಡಿಸುತ್ತೇವೆ. ಬಗ್ಗಿಯೆಂದರೆ ಮೊಳದುದ್ದದ ರೇಸಿನ ಗಾಡಿ. ಕೈಯಲ್ಲಿ ರಿಮೋಟ್, ಕೆಂಪು ಮಣ್ಣಿನ ಟ್ರ್ಯಾಕ್, ಅಂಚಿಗೆ ಸೀಳಿ ಹಾಕಿದ ನೀರಿನ ಪೈಪು. ಒಂದು ಬೆಳಿಗ್ಗೆ ಹೋದಾಗ ಐವತ್ತು ದಾಟಿದ ದಪ್ಪ ಮನುಷ್ಯರೊಬ್ಬರು ಆ ಮಣ್ಣಿನಲ್ಲಿ ಬೋರಲು ಮಲಗಿ, ಒಂದು ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿದ್ದರು. ನಾನು ಯಾರೋ ತಲೆಸುತ್ತಿ ಬಿದ್ದರೆಂದು ನೀರಿನ ಬಾಟಲಿ ಹಿಡಿದು ಓಡಿದೆ.

"ನೀರು ನೀನು ಕುಡಿ ಮಾರಾಯ," ಎಂದರು, ತಲೆ ಎತ್ತದೆ. "ಮತ್ತೆ ಆಚೆ ನಿಲ್ಲು. ಬೆಳಕು ಅಡ್ಡ ಆಗ್ತದೆ."

ಅವರು ನೋಡುತ್ತಿದ್ದದ್ದು ಒಂದು ಬಗ್ಗಿಯ ಮುಂದಿನ ಚಕ್ರಗಳನ್ನು.

ಬೈಕಂಪಾಡಿಯಲ್ಲೇ ಆಚೆ ತುದಿಯ ಒಂದು ವರ್ಕ್‌ಶಾಪಿನಲ್ಲಿ ಅವರು ಲಾರಿಗಳ ಚಕ್ರ ಸೀದಾ ಮಾಡುವ ಕೆಲಸದಲ್ಲಿದ್ದರು. ಮೆಶಿನ್ ಇಲ್ಲ, ಎರಡು ಕಬ್ಬಿಣದ ಸ್ಟ್ಯಾಂಡು, ಒಂದು ಉದ್ದದ ನೂಲು, ಒಂದು ಕಣ್ಣು. ಹದಿನಾಲ್ಕು ಚಕ್ರದ ಲಾರಿಗೆ ಏನು ಮಾಡುತ್ತಿದ್ದರೋ ಅದನ್ನೇ ನಮ್ಮ ಆಟಿಕೆಗೂ ಮಾಡುತ್ತಿದ್ದರು, ನೂಲು ಮಾತ್ರ ಟೈಲರನದು. ಮದುವೆಯಾಗಿರಲಿಲ್ಲ. ಜೆಪ್ಪುವಿನಲ್ಲಿ ಒಂದು ಬಾಡಿಗೆ ಕೋಣೆ. ವಾರದ ಆರು ದಿನ ಲಾರಿಗಳ ಅಡಿಯಲ್ಲಿದ್ದು, ರಜೆಯ ದಿನವೂ ಎರಡು ಬಸ್ಸು ಹತ್ತಿ ಅದೇ ಬೈಕಂಪಾಡಿಗೆ ಯಾಕೆ ಬರುತ್ತಾರೆಂದು ನಾವು ಯಾರೂ ಕೇಳಲಿಲ್ಲ. ಮಣ್ಣಿನ ಚಟ ಎಂದುಕೊಂಡೆವು.

ನನ್ನ ಗಾಡಿ ಆಗ ಸೀದಾ ದಾರಿಯಲ್ಲಿ ಕುಡುಕನ ಹಾಗೆ ತೂರಾಡುತ್ತಿತ್ತು, ತಿರುವು ಬಂದರೆ ಮಾತ್ರ ಬಹಳ ಮರ್ಯಾದಸ್ಥನಂತೆ ಸೀದಾ ಹೋಗಿ ಪೈಪಿಗೆ ಹೊಡೆಯುತ್ತಿತ್ತು. ಚಕ್ರ ತಿರುಗಿಸುವ ಪುಟ್ಟ ಮೋಟರಿಗೆ ಸರ್ವೋ ಎನ್ನುತ್ತಾರೆ. ನನ್ನದು ಹಾಳಾಗಿದೆ, ದುಬಾರಿಯದೇ ಒಂದು ತರಿಸುತ್ತೇನೆ ಎಂದು ಭಾಷಣ ಬಿಗಿದೆ. ದಾಮೋದರಣ್ಣ ಕಿರುಬೆರಳಿನಿಂದ ಮುಂದಿನ ಚಕ್ರವನ್ನು ಮೆಲ್ಲನೆ ಒತ್ತಿದರು. ಚಕ್ರ ಅಲ್ಲಾಡಿತು, ಸರ್ವೋ ಅಲ್ಲಾಡಲಿಲ್ಲ.

"ಅದು ಪಾಪ ಸರಿಯಾಗಿಯೇ ಹೇಳ್ತಾ ಉಂಟು. ಚಕ್ರಕ್ಕೆ ಮುಟ್ಟುದಿಲ್ಲ. ನಡುವೆ ಸಡಿಲ."

ಅಂಗಿಯ ಕಿಸೆಯಿಂದ ತೊಳೆದು ಮಡಚಿಟ್ಟ ಹಾಲಿನ ಪ್ಯಾಕೆಟ್ ತೆಗೆದರು. ಉಗುರಿನಷ್ಟು ತುಂಡು ಕತ್ತರಿಸಿ, ಸ್ಟೀರಿಂಗ್ ಕಡ್ಡಿಯ ತುದಿಯ ಗುಂಡನ್ನು ಅದರ ಬಟ್ಟಲಿನೊಳಗೆ ಕೂರಿಸುವಾಗ ಮಧ್ಯೆ ಇಟ್ಟು ಒತ್ತಿದರು. ಟಕ್ ಎಂದಿತು. ಸಡಿಲ ಹೋಯಿತು. ಆಮೇಲೆ ನೂಲು ಕಟ್ಟಿ, ಮಲಗಿ, ಕೆನ್ನೆ ಒತ್ತಿ, ಮುಂದಿನ ಚಕ್ರಗಳ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿದರು.

"ಮುಂದಿನದ್ದು ಎರಡೂ ಕೂದಲಿನಷ್ಟು ಹೊರಗೆ ನೋಡ್ಲಿ. ಆಗ ತಿರುವಿಗೆ ಬೇಗ ಇಳೀತದೆ. ಹಿಂದಿನದ್ದು ಒಳಗೆ ನೋಡ್ಲಿ. ಇಲ್ಲದಿದ್ರೆ ಬಾಲ ಎಸೀತದೆ. ಹೋಗು, ಒಂದು ಸುತ್ತು ಓಡಿಸಿ ಬಂದು ಹೇಳು."

ಒಂದು ತಿರುಪು, ಒಂದು ಸುತ್ತು. ಅದು ಅವರ ಕಾನೂನು. ಎರಡು ತಿರುಪು ಒಟ್ಟಿಗೆ ಮುಟ್ಟಿದವನಿಗೆ ಆ ದಿನ ಅವರಿಂದ ಮಾತಿಲ್ಲ. ಸುತ್ತು ಮುಗಿಸಿ ಬಂದು ಹೇಳುವುದಕ್ಕೂ ಒಂದು ಕ್ರಮವಿತ್ತು. ನಾನು, "ದಾಮೋದರಣ್ಣ, ಹಿಂದೆ ಗ್ರಿಪ್ ಕಮ್ಮಿ, ಬಹುಶಃ ಶಾಕ್ ಅಬ್ಸಾರ್ಬರಿನ ಎಣ್ಣೆ..." ಎಂದು ಶುರುಮಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. "ಎಂತ ಆಯ್ತು ಅಂತ ಹೇಳು. ಯಾಕೆ ಆಯ್ತು ಅಂತ ಹೇಳ್ಬೇಡ. ಅದು ನನ್ನ ಕೆಲಸ." ಹೇಳುತ್ತಿರುವಾಗ ಮಾತ್ರ ನಮ್ಮ ಮುಖವನ್ನೇ ನೋಡುತ್ತ, ಪ್ರತಿ ವಾಕ್ಯಕ್ಕೂ ಗಂಟಲಿನಲ್ಲಿ ಒಂದು "ಹ್ಞೂಂ" ಸೇರಿಸುತ್ತಿದ್ದರು. ಮನೆಯಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಹೊತ್ತು ಕೇಳಿದ್ದಿಲ್ಲ. ಕೇಳುವಂಥದ್ದೂ ಇರಲಿಲ್ಲವೆನ್ನಿ.

ಆ "ಹ್ಞೂಂ" ನನಗೆ ಎರಡೇ ವಾರದಲ್ಲಿ ಬಂತು. ಅವರ ನಿಧಾನ, ಮಾತಿನ ನಡುವೆ ಉಸಿರು ತೆಗೆದುಕೊಳ್ಳುವುದು, "ಮಾರಾಯ"ದ ಮೇಲೆ ಒರಗುವುದು, ಎಲ್ಲ. ಅವರೆದುರೇ ಮಾಡಿ ತೋರಿಸಿದೆ. ಅವರು ನೂಲು ಸುತ್ತುತ್ತ ಕೇಳಿದರು. "ನಾನು ಅಷ್ಟು ದೊಡ್ಡಕ್ಕೆ ಮಾತಾಡ್ತೇನಾ?" ಎಂದು ಮಾತ್ರ ಕೇಳಿದರು.

ಓಟ ಮುಗಿದ ಮೇಲೆ ನಾವು ಬನ್ಸ್ ತಿನ್ನಲು ಹೋಟೆಲಿಗೆ ಹೋಗುತ್ತಿದ್ದೆವು. ಅವರನ್ನು ಕರೆದರೆ, "ಇಲ್ಲ ಮಾರಾಯ, ಮನೆಯಲ್ಲಿ ಕೆಲಸ ಉಂಟು" ಎನ್ನುತ್ತಿದ್ದರು. ಒಂದು ದಿನ ನಾವು ತಿಂದು, ಹರಟೆ ಹೊಡೆದು ಬಂದಾಗಲೂ ಅವರು ಬಸ್‌ಸ್ಟಾಪಿನ ಬೆಂಚಿನಲ್ಲೇ ಇದ್ದರು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಅವರು ಎರಡಕ್ಕೂ ದಾರಿ ಬಿಡುವವರ ಹಾಗೆ ಕಾಲು ಹಿಂದೆ ಸರಿಸಿಕೊಂಡರು, ಹತ್ತಲಿಲ್ಲ. ನಾನು ಅದನ್ನೂ ಗೆಳೆಯರಿಗೆ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಒಳ್ಳೆಯ ಐಟಂ ಆಗಿತ್ತು.

ಅವರದು ಗುಂಡಿಯ ಫೋನು, ವಾಟ್ಸಾಪ್ ಇಲ್ಲ. ಹಾಗಾಗಿ ಅವರ ಸಲಹೆಗಳನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ನಮ್ಮ ಗ್ರೂಪಿಗೆ ಹಾಕುವ ಕೆಲಸ ನನ್ನದು. ದೊಡ್ಡ ರೇಸಿನ ಹಿಂದಿನ ಸಂಜೆ, ಮಣ್ಣಗುಡ್ಡದ ನಮ್ಮ ಮನೆಯ ಟೆರೇಸಿನಲ್ಲಿ ಕೂತು, ಅವರ ಸ್ವರದಲ್ಲಿ ನಾನೇ ಒಂದು ಸಲಹೆ ಹಾಕಿದೆ. ಚಕ್ರ ಪೈಪಿಗೆ ಹೊಡೆದರೆ ಏಟು ಸರ್ವೋದ ಒಳಗಿನ ಗೇರಿನ ಹಲ್ಲಿಗೆ ತಾಗದ ಹಾಗೆ ನಡುವೆ ಒಂದು ಸ್ಪ್ರಿಂಗ್ ಇರುತ್ತದೆ. "ಹ್ಞೂಂ, ನಾಳೆ ಆ ಸ್ಪ್ರಿಂಗ್ ಫುಲ್ ಟೈಟ್ ಮಾಡಿ ಮಾರಾಯ. ಸ್ಟೀರಿಂಗ್ ಕತ್ತಿಯ ಹಾಗೆ ಆಗ್ತದೆ." ಅಷ್ಟೇ. ಇದು ನಾನೇ ಎಂದು ಯಾರಾದರೂ ಹಿಡಿಯುತ್ತಾರೆ, ನಾಲ್ಕು ಬೈಗುಳ, ನಾಲ್ಕು ನಗೆ ಎಂದುಕೊಂಡಿದ್ದೆ. ಯಾರೂ ಹಿಡಿಯಲಿಲ್ಲ. ಎಲ್ಲರೂ ಹೆಬ್ಬೆರಳು ಎತ್ತಿದ ಗುರುತು ಹಾಕಿದರು. ನನ್ನ ಜನ್ಮದ ಅತ್ಯುತ್ತಮ ಮಿಮಿಕ್ರಿ ಅದು. ಆ ಖುಷಿಯಲ್ಲಿ ತಮಾಷೆ ಎಂದು ಬರೆಯುವುದನ್ನು ಬೆಳಿಗ್ಗೆಗೆ ಬಿಟ್ಟೆ. ಬೆಳಿಗ್ಗೆ ಎದ್ದದ್ದು ತಡವಾಗಿ.

ನಾನು ತಲುಪುವಾಗ ರೇಸು ಶುರುವಾಗಿತ್ತು. ದಾಮೋದರಣ್ಣ ಅಂದು ಬಂದಿರಲಿಲ್ಲ. ಒಂದು ಲಾರಿಯ ತುರ್ತು ಕೆಲಸ. ಮೊದಲ ತಿರುವಿನಲ್ಲೇ ಎರಡು ಬಗ್ಗಿ ಪೈಪಿಗೆ ತಾಗಿ ನಿಂತವು. ಮುಂಚೂಣಿಯಲ್ಲಿದ್ದದ್ದು ರಕ್ಷಿತನದು. ಅವನು ಹೋಟೆಲ್ ಮಾಲೀಕರ ಮಗ, ನಮ್ಮ ಪೈಕಿ ನಿಜವಾಗಿ ಓಡಿಸಲು ಬರುವವನು. ಕೊನೆಯ ಸುತ್ತಿನಲ್ಲಿ ಅವನದೂ ಹೊಡೆಯಿತು. ಕರಕರ ಎಂದು ಸರ್ವೋದ ಹಲ್ಲು ಉದುರಿ, ಮುಂದಿನ ಚಕ್ರಗಳು ಒಂದೊಂದು ದಿಕ್ಕಿಗೆ ವಾಲಿದವು. ಅವನು ಅಲ್ಲೇ ದಾಮೋದರಣ್ಣನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟ.

"ಎಂತ ದಾಮೋದರಣ್ಣ, ಸ್ಪ್ರಿಂಗ್ ಟೈಟ್ ಮಾಡ್ಲಿಕ್ಕೆ ಹೇಳಿ ಇಡೀ ಗಾಡಿ ತೆಗೆದ್ರಲ್ಲ! ಲಾರಿ ಅಂತ ಮಾಡಿದ್ರಾ ಇದನ್ನು? ಗೊತ್ತಿಲ್ಲದಿದ್ರೆ ಬಾಯಿ ಮುಚ್ಚಿ ಕೂರ್ಬೇಕು!"

ಆ ಕಡೆ ವರ್ಕ್‌ಶಾಪಿನ ಸುತ್ತಿಗೆಯ ಸದ್ದು ಕೇಳುತ್ತಿತ್ತು. ನಾನು ಅವನಿಂದ ಎರಡು ಮಾರು ದೂರದಲ್ಲಿದ್ದೆ. ಎಲ್ಲರ ಸ್ವರ ಬರುವ ನನಗೆ ಆಗ ನನ್ನದೇ ಬರಲಿಲ್ಲ.

"ಹ್ಞೂಂ," ಎಂದರು ದಾಮೋದರಣ್ಣ. "ಚಕ್ರ ಈಗ ಯಾವ ಕಡೆ ನೋಡ್ತಾ ಉಂಟು, ಹೇಳು."

ಮುಂದಿನ ಆದಿತ್ಯವಾರ ಅವರು ಬಂದರು. ಯಾರೂ ಜಗಳ ಮಾಡಲಿಲ್ಲ, ಯಾರೂ ಗಾಡಿಯನ್ನೂ ಕೊಡಲಿಲ್ಲ. "ಇವತ್ತು ಎಲ್ಲ ಸರಿ ಉಂಟು ಅಣ್ಣ" ಎಂದರು. ಅವರು ನೂಲನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅಂದು ಅವರ ಅಂಗಿಗೆ ಮಣ್ಣು ಹತ್ತಲಿಲ್ಲ. ಅದರ ಮುಂದಿನ ವಾರದಿಂದ ಅವರಿಲ್ಲ. ನಾನು ಗಾಡಿ ಹಿಡಿದು ಸುತ್ತು ಹಾಕಿ ಬರುತ್ತೇನೆ. ಹಿಂದೆ ಗ್ರಿಪ್ ಕಮ್ಮಿ ಎಂದು ಹೇಳಲು ತಿರುಗಿದರೆ ಎಲ್ಲರೂ ಅವರವರ ರಿಮೋಟಿನಲ್ಲಿ ಮುಳುಗಿರುತ್ತಾರೆ.

ಗ್ರೂಪಿನಲ್ಲಿ ನಿಜ ಹೇಳುವಷ್ಟು ಧೈರ್ಯ ನನಗೆ ಬಂದದ್ದು ಅವರು ಊರು ಬಿಟ್ಟು ಒಂದು ತಿಂಗಳ ಮೇಲೆ. ವರ್ಕ್‌ಶಾಪಿಗೆ ಚಕ್ರ ಸೀದಾ ಮಾಡುವ ಲೇಸರಿನ ಮೆಶಿನ್ ಬಂದಿತ್ತು. ಕಾರವಾರದ ಕಡೆ ಒಂದು ಲಾರಿ ಯಾರ್ಡಿನಲ್ಲಿ ಇವರ ಕಣ್ಣಿಗೆ ಇನ್ನೂ ಕೆಲಸವಿತ್ತಂತೆ. ಗೆಳೆಯರು ನನ್ನನ್ನು ಒಂದು ವಾರ ಬೈದರು, ಮತ್ತೆ ಮರೆತರು. ದಾಮೋದರಣ್ಣನ ಫೋನು ಈಗ ಸ್ವಿಚ್ ಆಫ್.

ಆದರೆ ಅವರು ಊರು ಬಿಡುವ ಹಿಂದಿನ ದಿನ ನಾನು ಜೆಪ್ಪುವಿಗೆ ಹೋಗಿದ್ದೆ. ಕೋಣೆಯಲ್ಲಿ ಒಂದು ಚಾಪೆ, ಒಂದು ಟ್ರಂಕು, ಒಂದೇ ಕುರ್ಚಿ. ಅದರಲ್ಲಿ ನನ್ನನ್ನು ಕೂರಿಸಿ ತಾವು ಟ್ರಂಕಿನ ಮೇಲೆ ಕೂತರು. ದಾರಿಯಲ್ಲಿ ನಾಲ್ಕು ಬಗೆಯಲ್ಲಿ ಅಭ್ಯಾಸ ಮಾಡಿದ್ದ ಕ್ಷಮಾಪಣೆ ಒಂದೂ ಹೊರಡಲಿಲ್ಲ.

"ಆ ವಾಯ್ಸ್ ನಾನು ಮಾಡಿದ್ದು ದಾಮೋದರಣ್ಣ," ಎಂದೆ.

"ಗೊತ್ತುಂಟು. ನಾನು ಸ್ಪ್ರಿಂಗ್ ಫುಲ್ ಟೈಟ್ ಮಾಡ್ಲಿಕ್ಕೆ ಹೇಳ್ತೇನಾ?"

"ಹಾಗಾದ್ರೆ ಆವತ್ತೇ ಹೇಳ್ಬಹುದಿತ್ತಲ್ಲ, ನಾನಲ್ಲ ಅಂತ? ರಕ್ಷಿತ್ ಅಷ್ಟು ಬೈದ. ಮತ್ತೆ ಉಳಿದವರೂ ಒಬ್ಬೊಬ್ಬರಾಗಿ ಫೋನ್ ಮಾಡಿ ಬೈದ್ರಂತೆ. ಯಾಕೆ ಸುಮ್ಮನಿದ್ರಿ ನೀವು?"

ಅವರು ಟ್ರಂಕಿನ ಚಿಲಕವನ್ನು ಹಾಕಿದರು, ತೆಗೆದರು. ಬೇಸರದ ಮುಖವಲ್ಲ ಅದು. ಸಣ್ಣ ಲೆಕ್ಕವೊಂದನ್ನು ದಡ್ಡನಿಗೆ ಬಿಡಿಸಿ ಹೇಳುವ ಮುಖ.

"ಆ ಒಂದೇ ದಿನ ನನಗೆ ಆರು ಜನ ಫೋನ್ ಮಾಡಿದ್ರು ಮಾರಾಯ. ಬೇರೆ ದಿನ ಯಾರು ಮಾಡ್ತಾರೆ? ನಾನಲ್ಲ ಅಂತ ಹೇಳಿದ್ರೆ, ಎಲ್ಲರೂ ನಿನಗೇ ಮಾಡ್ತಿದ್ರಲ್ಲ."