ಪೊರೆ ಹಣ್ಣಾಗಲಿ ಎಂದವರು

ಮಕ್ತುಮಬಿಗೆ ಕಣ್ಣು ಬಂದವಂತೆ ಎಂಬ ಸುದ್ದಿ ಭರಮವ್ವನ ಕಿವಿಗೆ ಬಿದ್ದದ್ದು ಎಂಬತ್ತೇಳನೇ ಇಸವಿಯಲ್ಲಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಾಗ. ಮಕ್ತುಮಬಿಗೆ ಹುಟ್ಟಿದಾಗಲೇ ಎರಡೂ ಕಣ್ಣಿಗೆ ಬಿಳಿ ಪೊರೆಯಿತ್ತು. ಪೊರೆ ಹಣ್ಣಾಗದೆ ತೆಗೆಸಬಾರದು ಎಂದು ಮನೆಯ ಹಿರಿಯರು ಮೂವತ್ತು ವರ್ಷ ಕಾದಿದ್ದರು. ಕಡೆಗೆ ಹಾವೇರಿಯ ಶಿಬಿರದಲ್ಲಿ ತೆಗೆದರು.

ಮರುವಾರ ಅವಳೂ ಕೆಲಸಕ್ಕೆ ಬಂದು ಭರಮವ್ವನ ಪಕ್ಕದಲ್ಲೇ ಕೂತಳು. ಭರಮವ್ವ ಒಂದು ಕಾಯಿ ಎತ್ತಿ ಹಿಡಿದು, "ಇದೇನ ಹೇಳ ನೋಡೂಣು?" ಎಂದಳು.

ಮಕ್ತುಮಬಿ ಬಹಳ ಹೊತ್ತು ದಿಟ್ಟಿಸಿದಳು. "ಏನೋ ಐತಿ ಯಕ್ಕಾ, ಏನಂತ ತಿಳೀವಲ್ದು." ಆಮೇಲೆ ಕಣ್ಣು ಮುಚ್ಚಿ ಮುಟ್ಟಿದಳು. "ಅಯ್ಯ, ಮೆಣಸಿನಕಾಯಿ!"

"ಕಣ್ಣ ಕೊಟ್ರೂ ಮುಚ್ಚಿಗೊಂಡ ನೋಡ್ತಾಳವಾ!" ಎಂದು ಯಾರೋ ನಕ್ಕರು. ಮಕ್ತುಮಬಿ ನಗದೆ ಹೇಳಿದಳು:

"ಕಣ್ಣ ಚೊಲೋ ಆಗ್ಯಾವಂತ. ಆದ್ರ ನೋಡೂದನ್ನ ಮಿದುಳು ಕೂಸಿದ್ದಾಗ ಕಲೀಬೇಕಂತ. ನನ್ನ ಮಿದುಳಿಗೆ ಆಗ ಬೆಳಕ ಸಿಗಲಿಲ್ಲ, ಅದು ಕಲೀಲೇ ಇಲ್ಲ ಅಂದ್ರು ಡಾಕ್ಟರು."

ಆಮೇಲೂ ಅವಳು ಕಣ್ಣು ಮುಚ್ಚಿಯೇ ತೊಟ್ಟು ಮುರಿದಳು. ವರ್ಷಗಳು ಕಳೆದು ಎದೆರೋಗದಿಂದ ಹಾಸಿಗೆ ಹಿಡಿದಾಗ ಭರಮವ್ವನಿಗೆ ಹೇಳಿ ಕಳಿಸಿದಳು. ತಮ್ಮನ ಹಸುಗೂಸು ಅವಳ ಮಗ್ಗುಲಲ್ಲಿತ್ತು. ಅದರ ಕಣ್ಣಲ್ಲೂ ಅದೇ ಬಿಳುಪು.

"ಇದಕ್ಕೂ ಹಣ್ಣಾಗ್ಲಿ ಅನ್ನಾಕತ್ತಾರ ಯಕ್ಕಾ. ಕುರುಡಿ ಮಾತ ಯಾರ ಕೇಳ್ತಾರ? ಇದರ ತಾಯಿ ನಿನ್ನ ಜೋಡಿ ಬರಾಕ ತಯಾರದಾಳ. ಇದು ಇನ್ನೂ ಕಲಿಯೂ ಕೂಸೈತಿ. ನಾ ಸಾಯೂದನ್ನ ಕಾಯಬ್ಯಾಡ, ನಾಳೆನ ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗು."