ಕಡಲ ಬಳ್ಳಿಗೆ ಅತ್ತೆಯ ಉಪ್ಪು

ನಮ್ಮತ್ತೆ ಬೆಳಿಗ್ಗೆ ಎದ್ದು ಕೊಟ್ಟಿಗೆಯ ಕೆಲಸ ಮುಗಿಸಿ, ಸ್ನಾನ ಮಾಡಿ, ತುಳಸಿಗೆ ಒಂದು ಚೊಂಬು ನೀರೆರೆದು, ಮತ್ತೆ ಅಡುಗೆಮನೆಗೆ ಹೋಗಿ ಅದೇ ಚೊಂಬಿಗೆ ನೀರು ತುಂಬಿ, ನಾಲ್ಕು ಹರಳು ಉಪ್ಪು ಹಾಕಿ, ಕರಗುವ ತನಕ ಬೆರಳಾಡಿಸಿ, ಜಗಲಿಯ ತುದಿಯಲ್ಲಿದ್ದ ಕುಂಡಕ್ಕೆ ಸುರಿಯುತ್ತಿದ್ದರು. ಗಿಡಕ್ಕೆ ಉಪ್ಪುನೀರು ಹಾಕುವವರನ್ನು ಕಂಡರೆ ನೀವಾದರೆ ಓಡಿಹೋಗಿ ಕೈ ಹಿಡಿದುಕೊಳ್ಳುತ್ತಿದ್ದಿರಿ. ನಾನು ಕಾಫಿ ಕುಡಿಯುತ್ತಾ ಸುಮ್ಮನೆ ನೋಡುತ್ತಿದ್ದೆ.

ಕುಂಡದಲ್ಲಿದ್ದುದು ಅಡಂಬು ಬಳ್ಳಿ. ಹೊನ್ನಾವರದ ಕಡೆಯ ನನ್ನ ತವರಿನಲ್ಲಿ ಅದು ಕಡಲ ದಂಡೆಯ ಮರಳಿನ ಮೇಲೆ ಯಾರ ಅಪ್ಪಣೆಗೂ ಕಾಯದೆ ಹಬ್ಬಿಕೊಂಡಿರುತ್ತದೆ. ಎಲೆ ಆಡಿನ ಗೊರಸಿನಂತೆ ತುದಿಯಲ್ಲಿ ಸೀಳಿದ್ದು, ಹೂವು ನಸುನೇರಳೆ. ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಬಾಡುವ ಈ ಹೂವನ್ನು ದೇವರಿಗೆ ಏರಿಸುವವರಿಲ್ಲ, ಮುಡಿಯುವವರಿಲ್ಲ. ಹಾಗೆಂದು ಅದು ಅರಳುವುದನ್ನೇನೂ ಬಿಟ್ಟಿಲ್ಲ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಪರಿಚಯವಾದವರನ್ನೇ ಮದುವೆಯಾಗಿ, ಪಾಂಡವಪುರದ ಹತ್ತಿರ ನಾಲೆ ಬಯಲಿನ ಒಕ್ಕಲು ಮನೆಗೆ ಸೊಸೆಯಾಗಿ ಬಂದವಳು ನಾನು. ಕಳೆದ ಸಲ ತವರಿಗೆ ಹೋದಾಗ ಈ ಬಳ್ಳಿಯ ಒಂದು ತುಂಡನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದೆ. ಮನೆಯಲ್ಲಿ ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

“ಸಮುದ್ರದ ದಡದ್ದು ಅಂತೀಯೆ. ಉಪ್ಪಿಲ್ದೆ ಎಂಗವ್ವ ಬದುಕ್ತದೆ ಇದು?” ಎಂದು ಕೇಳಿದವರು, ಮರುದಿನದಿಂದಲೇ ಚೊಂಬು ಹಿಡಿದರು.

ಇಲ್ಲೊಂದು ತಮಾಷೆಯಿದೆ. ನಮ್ಮತ್ತೆಗೆ ಉಪ್ಪಿನ ಗುಣ ಗೊತ್ತಿಲ್ಲದೆ ಇಲ್ಲ. ನಾಲೆ ನೀರು ನಿಂತೂ ನಿಂತೂ ನಮ್ಮ ಗದ್ದೆಯ ತಗ್ಗಿನ ಮೂಲೆ ಚೌಳಾಗಿ, ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಪದರುಗಟ್ಟಿ, ಭತ್ತದ ಪೈರು ಅಲ್ಲಿ ಮೇಲೇಳುವುದೇ ಇಲ್ಲ; ಆ ಮೂಲೆಯನ್ನು ಅವರು ಶಪಿಸದ ದಿನವಿಲ್ಲ. ಆದರೂ ಸೊಸೆಯ ಬಳ್ಳಿಯ ವಿಷಯಕ್ಕೆ ಬಂದಾಗ ತಮ್ಮ ಜನ್ಮದ ಅನುಭವವನ್ನೆಲ್ಲ ಪಕ್ಕಕ್ಕಿಟ್ಟರು. ಇನ್ನೊಂದು ಸಂಗತಿ ಹೇಳಿದರೆ ನೀವು ನಗುತ್ತೀರಿ: ಮದುವೆಯಾದ ಹೊಸತರಿಂದಲೂ ಅವರು ನನ್ನ ತಟ್ಟೆಯ ಸಾರಿಗೆ ಬೇರೆಯಾಗಿ ಒಂದು ಚಿಟಿಕೆ ಉಪ್ಪು ಬೆರೆಸಿಯೇ ಬಡಿಸುತ್ತಿದ್ದರು. ಕಡಲ ಕಡೆಯ ಹುಡುಗಿ, ಸಪ್ಪೆ ಉಂಡು ಸೊರಗಿಬಿಟ್ಟಾಳು ಎಂಬ ಚಿಂತೆ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ, ಆಮೇಲೆ ಒಳಗೆ ಹೋಗಿ ಎರಡು ಲೋಟ ನೀರು ಕುಡಿಯುತ್ತಿದ್ದೆ.

ಬೇಡವೆನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮತ್ತೆ ತಬ್ಬಿಕೊಳ್ಳುವವರಲ್ಲ, ಹೊಗಳುವವರಲ್ಲ, ಸೊಸೆಯ ತಲೆ ನೇವರಿಸುವುದಂತೂ ಅವರ ಜಾಯಮಾನದಲ್ಲೇ ಇಲ್ಲ. ಅವರ ಅಕ್ಕರೆ ನನಗೆ ಸಿಕ್ಕಿದ್ದು ಆ ಉಪ್ಪಿನ ರೂಪದಲ್ಲಿ ಮಾತ್ರ. ಉಪ್ಪು ಬೇಡವೆಂದರೆ ಅದರ ಜೊತೆ ಅಕ್ಕರೆಯೂ ನಿಂತುಹೋದೀತೆಂದು ನನಗೆ ನಿಜವಾಗಿಯೂ ಭಯವಿತ್ತು.

ಸಸ್ಯಶಾಸ್ತ್ರ ಓದಿದವಳು ನಾನು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಅಡಂಬಿಗೆ ಉಪ್ಪು ಬೇಕಾಗಿಲ್ಲ, ಅದು ಉಪ್ಪನ್ನು ಸಹಿಸುತ್ತದೆ, ಅಷ್ಟೆ. ಸಿಹಿನೀರು ಸಿಕ್ಕರೆ ಅದಕ್ಕೂ ಹಿತವೇ. ದಂಡೆಯಲ್ಲಿ ಮಳೆಗಾಲ ಬಂದು ಮರಳಿನ ಉಪ್ಪನ್ನೆಲ್ಲ ತೊಳೆದು ಹೋಗುತ್ತದೆ. ಕುಂಡದಲ್ಲಿ ಹಾಕಿದ್ದು ಅಲ್ಲೇ ಕೂರುತ್ತದೆ. ಸಹಿಸುವುದಕ್ಕೂ ಬಯಸುವುದಕ್ಕೂ ಇರುವ ಅಂತರ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಬಾಡದೆ ನಿಂತದ್ದನ್ನು ಕಂಡು, ಒಗ್ಗಿತು ಎನ್ನುತ್ತೇವೆ. ಗೊಣಗದೆ ಉಂಡವರನ್ನು ಕಂಡು, ರುಚಿಸಿತು ಎನ್ನುತ್ತೇವೆ. ತಾಳಿದವನು ಬಾಳಿಯಾನು ಎಂಬ ಗಾದೆಯೇನೋ ಸರಿ, ಎಲ್ಲಿಯ ತನಕ ತಾಳಬೇಕೆಂಬುದನ್ನು ಮಾತ್ರ ಹಿರಿಯರು ನಮ್ಮ ವಿವೇಕಕ್ಕೇ ಬಿಟ್ಟಿದ್ದಾರೆ. ನನಗೆ ಆ ವಿವೇಕ ಸಾಲದಾಯಿತು.

ಈ ಬೇಸಿಗೆಯಲ್ಲಿ ಬಳ್ಳಿಯ ಎಲೆಯಂಚು ಕಂದಿತು, ಆಮೇಲೆ ಹಳದಿಯಾಯಿತು. ಅತ್ತೆ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. “ಉಪ್ಪು ಸಾಲ್ದು ಕಣವ್ವ ಇದ್ಕೆ” ಎಂದು ಒಳಗೆ ಹೋಗಿ, ಒಂದು ಹಿಡಿ ತುಂಬ ಉಪ್ಪು ತಂದರು. ಆ ಹಿಡಿಯನ್ನು ಕಂಡು ನಾನು ಎದ್ದೆ. ಹೋಗಿ ಅವರ ಮುಂಗೈ ಹಿಡಿದುಕೊಂಡೆ.

“ಬೇಡ ಅತ್ತೆ. ಉಪ್ಪಿನಿಂದಲೇ ಇದು ಸಾಯ್ತಿರೋದು.”

“ಅಂಗಾರೆ ಇಷ್ಟ್ ದಿನ?”

“ತಡ್ಕೊಂಡಿತ್ತು.” ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. “ನನ್ನ ಸಾರಿಗೂ ಬೇಡ ಅತ್ತೆ. ನನಗೂ ಎಲ್ಲರಷ್ಟೇ ಸಾಕು.”

ಅವರು ನನ್ನ ಮುಖವನ್ನೇ ನೋಡಿದರು. ಹಿಡಿಯ ಉಪ್ಪನ್ನು ಜಾಡಿಗೆ ಸುರಿದು, ಸೆರಗಿಗೆ ಕೈ ಒರೆಸಿಕೊಂಡು ಗದ್ದೆಗೆ ಹೋದರು. ನಾನು ಕುಂಡಕ್ಕೆ ಕೊಡಗಟ್ಟಲೆ ನೀರು ಹಾಯಿಸಿದೆ, ಮಣ್ಣು ಬದಲಾಯಿಸಿದೆ. ಬಳ್ಳಿ ಉಳಿಯಲಿಲ್ಲ.

ಅದನ್ನು ಕಿತ್ತುಹಾಕಿದ ದಿನ ಸಂಜೆ ಅತ್ತೆ ಬಂದು ನನ್ನ ಪಕ್ಕ ಕೂತರು. “ನಿನ್ನ ಒಟ್ಟೆಯೊಳಕ್ಕೆ ಒಕ್ಕು ನೋಡಕಾಯ್ತದಾ ನಾನು? ಬಾಯ್ ಬುಟ್ಟು ಯೋಳ್ಬಾರ್ದಾ?” ಎಂದು ಗದರಿದರು. ಆಮೇಲೆ ದನಿ ತಗ್ಗಿಸಿ, “ಇನ್ನೂ ಏನೇನ್ ತಡ್ಕೊಂಡಿದ್ದೀಯೋ, ಈಗ್ಲೇ ಯೋಳ್ಬುಡವ್ವ” ಎಂದರು.

ಏನೂ ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. “ಅಮ್ಮನನ್ನು ನೋಡಿ ಎರಡು ವರ್ಷವಾಯಿತು ಅತ್ತೆ” ಎಂಬ ಮಾತು ಬಂತು. ಅತ್ತೆಗೆ ಮಂಡಿನೋವು, ರಜೆಯಲ್ಲಿ ನನಗೆ ಮೌಲ್ಯಮಾಪನದ ಕೆಲಸ, ಅವರು ಹೋಗು ಎನ್ನಲಿಲ್ಲ, ನಾನು ಹೋಗುತ್ತೇನೆ ಎನ್ನಲಿಲ್ಲ. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಹೇಳುತ್ತಾ ಹೇಳುತ್ತಾ ನಾನು ಅತ್ತುಬಿಟ್ಟೆ.

“ನೀನೇ ಕೇಳ್ನಿಲ್ವಲ್ಲ, ತವರಿನ ಆಸೆ ತೀರೋಯ್ತು ಅಂದ್ಕಂಡಿದ್ದೆ” ಎಂದರು ಅತ್ತೆ. ಮಂಡಿಯ ಮೇಲೆ ಕೈಯೂರಿ ಎದ್ದರು. “ನಡಿ, ನಾನೂ ಬತ್ತೀನಿ. ಆ ಬಳ್ಳಿ ಅಲ್ಲಿ ಎಂಗದೆ ಅಂತ ನೋಡ್ಬೇಕು.”

ಕೆ.ಆರ್.ಎಸ್. ಹಿನ್ನೀರಿಗಿಂತ ದೊಡ್ಡ ನೀರನ್ನು ಅತ್ತೆ ಅದುವರೆಗೆ ಕಂಡವರಲ್ಲ. ನಾವು ತವರು ತಲುಪಿದ ಮರುದಿನ ಬೆಳಿಗ್ಗೆ ಹೊನ್ನಾವರದ ದಂಡೆಯಲ್ಲಿ ಅವರು ಕಡಲಿಗೊಮ್ಮೆ ಕೈ ಮುಗಿದು, ತಕ್ಷಣ ಬೆನ್ನು ತಿರುಗಿಸಿ ಬಳ್ಳಿಯನ್ನು ಹುಡುಕಿದರು. ಅಲೆಗಳು ಬಂದು ಹಿಂದಿರುಗುವ ಗೆರೆಗಿಂತ ಬಹಳ ಮೇಲೆ, ಒಣಮರಳಿನ ದಿಬ್ಬದ ಮೇಲೆ ಅದು ಹರಡಿ ಹೂಬಿಟ್ಟಿತ್ತು. ಅತ್ತೆ ಅಲೆಯನ್ನೊಮ್ಮೆ, ಬಳ್ಳಿಯನ್ನೊಮ್ಮೆ ನೋಡಿದರು. ಅಮ್ಮ ನನ್ನ ತೋಳು ಹಿಡಿದುಕೊಂಡು ನಿಂತಿದ್ದಳು.

“ಅಯ್ಯೋ, ನೋಡವ್ವ, ಉಪ್ಪುನೀರು ಪಕ್ಕದಲ್ಲೇ ಇದ್ರೂ ಅಲೆ ಮುಟ್ದಂಗೆ ದೂರಕ್ಕೆ ಸರ್ಕಂಡು ಕುಂತದೆ” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ಅದುವರೆಗೆ ಎಂದೂ ಮುಟ್ಟದ ನನ್ನ ಕೆನ್ನೆಯನ್ನು ಮುಟ್ಟಿ, “ಇದ್ಕಿರೋ ಬುದ್ಧಿ ನಿಂಗಿಲ್ದೋಯ್ತಲ್ಲೇ, ಮಗಾ” ಎಂದರು.