ಕುರಿಯ ಹಣೆಯ ಭಂಡಾರ

ಎಂ.ಟೆಕ್ ಸೇರಿದ ಹೊಸತರಲ್ಲಿ ಗೈಡ್ ನಮ್ಮನ್ನೆಲ್ಲ ಕೂರಿಸಿಕೊಂಡು, ಯಾರಿಗೆ ಯಾವುದರಲ್ಲಿ ಆಸಕ್ತಿ ಎಂದು ಕೇಳಿದರು. ನಾನು ಕಂಪೈಲರ್ ಎಂದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸಿಕೊಡುವ ಆ ಸಾಫ್ಟ್‌ವೇರ್ ಎಂದರೆ ಬಿ.ಇ. ಓದುವಾಗಿನಿಂದಲೂ ನನಗೆ ಜೀವ. ಅವರು ತಲೆಯಾಡಿಸಿ, ಊರು ಯಾವುದು, ಮನೆಯಲ್ಲಿ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಮಸಗುಪ್ಪಿ, ಕುರಿ ಸಾಕಿದ್ದೇವೆ ಎಂದೆ. ಅಲ್ಲಿಗೆ ನನ್ನ ಕಂಪೈಲರ್ ಕಥೆ ಮುಗಿಯಿತು.

“ಮನ್ಯಾಗ ಕುರಿ ಇಟ್ಕೊಂಡು ಕಂಪೈಲರ್ ಯಾಕವಾ? ಇಂಥಾ ವಿಷಯ ಉಳಿದವರಿಗೆ ಬೇಡಿದ್ರೂ ಸಿಗಂಗಿಲ್ಲ” ಎಂದರು.

ಕುರಿಯ ಮುಖದ ಫೋಟೊ ನೋಡಿ ಅದಕ್ಕೆ ರೋಗ ಬಂದಿದೆಯೋ ಇಲ್ಲವೋ ಎಂದು ಕಂಪ್ಯೂಟರ್ ಹೇಳಬೇಕು, ಇದು ನನ್ನ ವಿಷಯವಾಯಿತು. ಗೋಕಾಕದಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗಳು ನಮ್ಮ ಜೊತೆಗೇ ಇದ್ದಳು; ಸೀರೆಯ ಮೇಲೆ ಸಂಶೋಧನೆ ಮಾಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಗೈಡ್ ಕೆಟ್ಟವರಲ್ಲ, ನನಗೆ ಉಪಕಾರ ಮಾಡಿದೆನೆಂದೇ ನಂಬಿದ್ದರು. ಬೈಯುವವರಿಗೆ ಎದುರು ಮಾತಾಡಬಹುದು, ಹರಸುವವರಿಗೆ ಏನು ಹೇಳುವುದು?

ರಜೆಗೆ ಬಂದಾಗಲೆಲ್ಲ ನಮ್ಮ ಕುರಿಗಳ ಫೋಟೊ ತೆಗೆದೆ. ಯಾವುದಕ್ಕೆ ರೋಗವಿದೆ ಎಂದು ಮೂಡಲಗಿಯ ದನದ ಡಾಕ್ಟರು ಹೇಳುತ್ತಿದ್ದರು. ಕಂಪ್ಯೂಟರ್ ಒಂದನ್ನೂ ತಪ್ಪದೆ ಗುರುತಿಸಿತು. ಗೈಡ್ ಕರದಂಟು ತರಿಸಿ ಹಂಚಿದರು.

ಆಮೇಲೆ ಬೇರೆ ಊರಾದ ಕಲ್ಲೋಳಿಯ ಕುರಿಗಳನ್ನು ತೋರಿಸಿದರೆ, ಏಳಲಾರದೆ ಬಿದ್ದವೂ ಆರೋಗ್ಯವಾಗಿವೆ ಎಂದಿತು. ಅದು ಮುಖದಲ್ಲಿ ಏನನ್ನು ನೋಡುತ್ತಿದೆ ಎಂದು ಹುಡುಕಿದೆ. ಹಣೆಯನ್ನು ನೋಡುತ್ತಿತ್ತು. ನಮ್ಮಲ್ಲಿ ಕುರಿ ಸಪ್ಪಗಾದರೆ ಅವ್ವ ಡಾಕ್ಟರನ್ನು ಕರೆಸುವ ಮುಂಚೆಯೇ ಅದರ ಹಣೆಗೆ ಭಂಡಾರ, ದೇವರ ಅರಿಶಿನ, ಬಳಿಯುತ್ತಾಳೆ. ಕಂಪ್ಯೂಟರ್ ಕಲಿತದ್ದು ಆ ಹಳದಿಯನ್ನು: ಅದು ಇದ್ದರೆ ರೋಗ, ಇಲ್ಲದಿದ್ದರೆ ಆರೋಗ್ಯ. ಹುಟ್ಟಿದಾಗಿನಿಂದ ಕಂಡ ಆ ಬಣ್ಣ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮೊದಲು ನಗು ಬಂತು. ಆಮೇಲೆ ಹಿಡಿಸಲಾರದಷ್ಟು ಸಂತೋಷವಾಯಿತು. ವಿಷಯ ಕೆಟ್ಟಿತು, ಇನ್ನು ಬಿಡುಗಡೆ ಎಂದುಕೊಂಡು ಗೈಡ್ ಹತ್ತಿರ ಓಡಿದೆ. ಅವರು ಎಲ್ಲ ಕೇಳಿ, ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದರು. ಮತ್ತೆ ಮೊದಲಿನಿಂದ ಫೋಟೊ ತೆಗೆಯಬೇಕು, ರೋಗ ಬಂದ ಕುರಿಯದನ್ನು ಗುಣವಾಗುವ ತನಕ ದಿನವೂ ತೆಗೆಯಬೇಕು, ಹಣೆ ಖಾಲಿ ಇರಬೇಕು. ಅದಕ್ಕಾಗಿ ಈ ವರ್ಷ ಊರಲ್ಲೇ ಇರು ಎಂದು ಕಳಿಸಿದರು. ಊರಿಗೆ ಮರಳುವಾಗ ಹುಕ್ಕೇರಿಯಿಂದ ಗೋಕಾಕದವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಮನೆಗೆ ಬಂದಾಗ ಅವ್ವ ಕುರಿದಡ್ಡಿಯಲ್ಲಿ ಸಪ್ಪಗಾದ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಆಗಲೇ ಭಂಡಾರದ ಚೀಲಕ್ಕೆ ಕೈ ಹಾಕಿದ್ದಳು. ಹಚ್ಚಬೇಡ ಎಂದೆ, ಯಾಕೆಂದು ತಿಳಿಸಿ ಹೇಳಿದೆ. ಜಗಳ ತೆಗೆಯುತ್ತಾಳೆ, ಅದನ್ನೇ ನೆಪ ಮಾಡಿ ವಿಷಯ ಬಿಡಬಹುದು ಎಂಬ ಆಸೆ ಇನ್ನೂ ಇತ್ತು. ಅವಳು ಚೀಲದೊಳಗಿನ ಕೈ ತೆಗೆಯದೆ ಮರಿಯ ಮುಖ ನೋಡಿದಳು.

“ಹಚ್ಚಿದ್ರ ನಿನ್ನ ಕೆಲಸ ಕೆಡತೈತಿ?”

ಹೂಂ ಎಂದೆ.

“ಹಂಗಾರ ಹಚ್ಚಂಗಿಲ್ಲ ಬಿಡು. ದೇವರ ಕಾಲ ನಾ ಹಿಡಕೋತೇನಿ. ನನ್ನ ಮಗಳು ಮತ್ತೊಂದು ಕಲಿಯೂದು ಬಿಟ್ಟು ನಮ್ಮ ಕುರಿ ಸಲುವಾಗಿ ಇದನ್ನ ಆರಿಸ್ಕೊಂಡಾಳಂತ ಊರ ಮಂದಿಗೆಲ್ಲಾ ಹೇಳೇನಿ.”

ಚೀಲದಿಂದ ಕೈ ತೆಗೆದು, ಬೆರಳಿಗೆ ಹತ್ತಿದ್ದ ಹಳದಿಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡಳು. ಆಮೇಲೆ ಮರಿಯ ಗದ್ದ ಹಿಡಿದು, ಮುಖ ಸರಿಯಾಗಿ ಕಾಣುವಂತೆ ನನ್ನ ಕಡೆ ತಿರುಗಿಸಿದಳು. ನಾನು ಫೋಟೊ ತೆಗೆದೆ.